ಮನೋರೋಗಿಗಳ ಹಕ್ಕು: ಒಬ್ಬ ಶಾಸಕರ ಐವತ್ತೇಳು ವರ್ಷಗಳ ದುಡಿಮೆ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ಹಬ್ಬದ ಮಾತುಗಳನ್ನೇ ಆಡುವುದು ವಾಡಿಕೆ. ಗೋಷ್ಠಿಯ ಸಂಚಾಲಕರು ಮಾತ್ರ ‘ಕಾನೂನು ಮತ್ತು ಜನಜೀವನ’ ಎಂಬ ವಿಷಯ ಕೊಟ್ಟು, ಅದರೊಳಗೆ ನನಗೆ ಸರಿಕಂಡದ್ದನ್ನು ಆರಿಸಿಕೊಳ್ಳಲು ಹೇಳಿದರು. ನಾನು ಆರಿಸಿಕೊಂಡದ್ದು ನಮ್ಮ ಮನೆಗಳಲ್ಲಿ ಮೆಲುದನಿಯಲ್ಲಿ ಮಾತ್ರ ಮಾತಾಡುವ ವಿಷಯವನ್ನು. ಅದು ಮನಸ್ಸಿನ ಕಾಯಿಲೆ. ಸಕ್ಕರೆ ಕಾಯಿಲೆಯಿದ್ದರೆ ನೆಂಟರ ಮುಂದೆ ಹೇಳಿಕೊಳ್ಳುತ್ತೇವೆ. ಮಗನಿಗೋ ಸೊಸೆಗೋ ಮನಸ್ಸಿನ ಬೇನೆ ಬಂದರೆ ಬಾಗಿಲು ಹಾಕಿಕೊಳ್ಳುತ್ತೇವೆ. ಗಾಳಿ ಸೋಕಿದೆ ಎನ್ನುತ್ತೇವೆ, ತಾಯಿತ ಕಟ್ಟಿಸುತ್ತೇವೆ, ಹುಡುಗಿಯ ಮದುವೆ ಮುರಿದೀತೆಂದು ಊರಿಗೆ ಸುಳ್ಳು ಹೇಳುತ್ತೇವೆ. ಈ ಸಭೆಯಲ್ಲಿ ಕುಳಿತವರಲ್ಲಿಯೂ ಹಲವರು ಅಂಥ ಮನೆಗಳಿಂದ ಬಂದಿರಬಹುದು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತನಾಡುತ್ತೇನೆ.

ಮುಚ್ಚಿದ ಬಾಗಿಲಿನ ಹಿಂದಿರುವ ರೋಗಿಗೆ ಮತ ಕೇಳುವ ಶಕ್ತಿಯಿಲ್ಲ, ಮೆರವಣಿಗೆ ಹೊರಡಿಸುವ ಶಕ್ತಿಯಿಲ್ಲ. ಅಂಥವನಿಗಾಗಿ ಒಬ್ಬ ಶಾಸಕ ಏನು ಮಾಡಬಲ್ಲ? ಈ ಪ್ರಶ್ನೆಗೆ ಚರಿತ್ರೆ ಕೊಡುವ ದೊಡ್ಡ ಉತ್ತರ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿದೆ. ಉತ್ತರ ಕೊಟ್ಟವರು ಆಂಥೊನಿ ಆಷ್ಲೆ ಕೂಪರ್, ಅಂದರೆ ಶಾಫ್ಟ್ಸ್‌ಬರಿಯ ಏಳನೆಯ ಅರ್ಲ್. ಅವರ ದೇಶದ ಕಾನೂನುಗಳ ನೆರಳು ನಮ್ಮ ಕಾನೂನುಗಳ ಮೇಲೂ ಬಿದ್ದಿದೆ. ಆದ್ದರಿಂದ ಮೊದಲು ಅಲ್ಲಿಗೆ ಹೋಗಿ, ಬಳಿಕ ನಮ್ಮ ನೆಲಕ್ಕೆ ಬರೋಣ.

ಆ ಕಾಲದ ಇಂಗ್ಲೆಂಡಿನಲ್ಲಿ ಮನೋರೋಗಿಗಳನ್ನು ಇಟ್ಟುಕೊಳ್ಳುವುದು ಒಂದು ವ್ಯಾಪಾರವಾಗಿತ್ತು. ಖಾಸಗಿ ಹುಚ್ಚಾಸ್ಪತ್ರೆಗಳ ಮಾಲೀಕರು ಬಡರೋಗಿಗಳನ್ನು ವಾರಕ್ಕೆ ಇಷ್ಟು ಹಣವೆಂದು ಪ್ಯಾರಿಷ್‌ಗಳಿಂದ ವಹಿಸಿಕೊಳ್ಳುತ್ತಿದ್ದರು. ಪ್ಯಾರಿಷ್ ಎಂದರೆ ಚರ್ಚಿನ ವ್ಯಾಪ್ತಿಯ ಸ್ಥಳೀಯ ಆಡಳಿತ. ಬಡವರ ಪೋಷಣೆಯ ಹೊಣೆ ಅದರದು. ರೋಗಿಗೆ ಕಡಿಮೆ ಖರ್ಚು ಮಾಡಿದಷ್ಟೂ ಮಾಲೀಕನಿಗೆ ಲಾಭ ಹೆಚ್ಚು. 1774ರ ಒಂದು ಕಾಯಿದೆ ಇಂಥ ಮನೆಗಳಿಗೆ ಪರವಾನಗಿ ಕಡ್ಡಾಯ ಮಾಡಿತ್ತು. ಲಂಡನ್ನಿನಲ್ಲಿ ವೈದ್ಯರ ಮಂಡಳಿಯವರು ಹೋಗಿ ನೋಡಬಹುದಿತ್ತು. ಆದರೆ ಎಷ್ಟೇ ಕೆಟ್ಟದ್ದನ್ನು ಕಂಡರೂ ಪರವಾನಗಿಯನ್ನು ರದ್ದು ಮಾಡುವ ಅಧಿಕಾರ ಅವರಿಗಿರಲಿಲ್ಲ. ಕಾನೂನು ಇತ್ತು, ಅದಕ್ಕೆ ಹಲ್ಲಿರಲಿಲ್ಲ.

1827ರಲ್ಲಿ ಸಂಸತ್ತಿನ ಕೆಳಮನೆ ಈ ವಿಚಾರಕ್ಕೆ ಒಂದು ಆಯ್ಕೆ ಸಮಿತಿಯನ್ನು ನೇಮಿಸಿತು. ರಾಬರ್ಟ್ ಗಾರ್ಡನ್ ಎಂಬ ಸದಸ್ಯರು ಅದರ ಮುಂದಾಳು. ಒಂದು ವರ್ಷ ಹಿಂದಷ್ಟೇ ಸಂಸತ್ತಿಗೆ ಬಂದಿದ್ದ ಲಾರ್ಡ್ ಆಷ್ಲೆ ಆ ಸಮಿತಿಯಲ್ಲಿದ್ದರು. ತಂದೆಯ ಬಿರುದು ಅವರಿಗೆ ಬಂದದ್ದು 1851ರಲ್ಲಿ. ಅದುವರೆಗೆ ಅವರು ಆಷ್ಲೆ ಎಂದೇ ಪ್ರಸಿದ್ಧರು. ಆಗ ಅವರ ವಯಸ್ಸು 26. ಶ್ರೀಮಂತ ಮನೆತನ, ಒಳ್ಳೆಯ ವಿದ್ಯೆ, ಮುಂದೆ ಮಂತ್ರಿಪದವಿ ಪಡೆಯಬಹುದಾದ ದಾರಿ ಎಲ್ಲವೂ ಇತ್ತು. ಹುಚ್ಚಾಸ್ಪತ್ರೆಯ ವಿಷಯದಿಂದ ಯಾರಿಗೂ ಪದವಿ ಸಿಗುವಂತಿರಲಿಲ್ಲ.

ಲಂಡನ್ನಿನ ಬೆತ್ನಲ್ ಗ್ರೀನ್ ಭಾಗದ ಒಂದು ಖಾಸಗಿ ಹುಚ್ಚಾಸ್ಪತ್ರೆಯ ಬಗ್ಗೆ ಆ ಸಮಿತಿಯ ಮುಂದೆ ಬಂದ ಸಾಕ್ಷ್ಯಗಳನ್ನು ಕೇಳಿ. ಅಲ್ಲಿ ಬಡರೋಗಿಗಳನ್ನು ಶನಿವಾರ ಸಂಜೆ ಮರದ ತೊಟ್ಟಿಗಳಂಥ ಮಂಚಗಳಲ್ಲಿ, ಹುಲ್ಲಿನ ಮೇಲೆ, ಬತ್ತಲೆಯಾಗಿ ಸರಪಳಿಯಿಂದ ಬಿಗಿಯುತ್ತಿದ್ದರು. ಭಾನುವಾರ ಕಾವಲುಗಾರರಿಗೆ ಬಿಡುವು ಬೇಕಿತ್ತು. ಸೋಮವಾರ ಬೆಳಿಗ್ಗೆ ಬಿಚ್ಚುವವರೆಗೆ ಮಲಮೂತ್ರಗಳಲ್ಲಿಯೇ ಅವರು ಮಲಗಿರಬೇಕಿತ್ತು. ಬಿಚ್ಚಿದ ಮೇಲೆ ಚಳಿಗಾಲವಿದ್ದರೂ ಅಂಗಳದಲ್ಲಿ ತಣ್ಣೀರು ಸುರಿದು ತೊಳೆಯುತ್ತಿದ್ದರು. ಆಷ್ಲೆ ಇದನ್ನು ಕಾಗದದಲ್ಲಿ ಓದಿ ತೃಪ್ತರಾಗಲಿಲ್ಲ, ಸ್ವತಃ ಹೋಗಿ ಕಂಡರು. ಅವರ ಮುಂದಿನ ಕೆಲಸವೆಲ್ಲ ಈ ಒಂದು ಅಭ್ಯಾಸದ ಮೇಲೆಯೇ ನಿಂತಿದೆ: ತಾನೇ ಹೋಗಿ ಕಣ್ಣಾರೆ ನೋಡುವುದು.

1828ರ ಫೆಬ್ರವರಿ 19ರಂದು ಗಾರ್ಡನ್ ಅವರ ಮಸೂದೆಯನ್ನು ಅನುಮೋದಿಸಿ ಆಷ್ಲೆ ಸಂಸತ್ತಿನಲ್ಲಿ ತಮ್ಮ ಮೊದಲ ಮುಖ್ಯ ಭಾಷಣ ಮಾಡಿದರು. ಅವರ ದನಿ ಎಷ್ಟು ಕ್ಷೀಣವಾಗಿತ್ತೆಂದರೆ, ವರದಿಗಾರರ ಗ್ಯಾಲರಿಗೆ ಅದು ಕೇಳಿಸಲೇ ಇಲ್ಲವೆನ್ನುವಷ್ಟಿತ್ತೆಂದು ಸಂಸತ್ತಿನ ನಡಾವಳಿಯೇ ದಾಖಲಿಸಿದೆ. ವೇದಿಕೆ ಹತ್ತಲು ಹೆದರುವ ಮಕ್ಕಳಿಗೆ ನಮ್ಮ ಗುರುಗಳು ಈ ಪ್ರಸಂಗವನ್ನು ಧಾರಾಳವಾಗಿ ಹೇಳಬಹುದು. ದನಿ ಕೇಳಿಸದಿದ್ದರೂ ಮಸೂದೆ ಕಾಯಿದೆಯಾಯಿತು. ಲಂಡನ್ನಿನ ಖಾಸಗಿ ಮನೆಗಳನ್ನು ನೋಡಲು 15 ಮಂದಿ ಆಯುಕ್ತರ ಮಂಡಳಿ ರಚನೆಯಾಯಿತು. ಆಷ್ಲೆ ಅದರಲ್ಲಿ ಒಬ್ಬರಾದರು. ಮುಂದೆ ಅದರ ಅಧ್ಯಕ್ಷರೂ ಆದರು.

ಮುಂದಿನ ಹದಿನೈದು ವರ್ಷಗಳಲ್ಲಿ ಲಂಡನ್ನಿನ ಮನೆಗಳು ಒಂದಿಷ್ಟು ಸುಧಾರಿಸಿದವು. ಆದರೆ ಉಳಿದ ದೇಶದ ಗತಿ? 1842ರಲ್ಲಿ ಒಂದು ಹೊಸ ಕಾಯಿದೆ ಈ ಆಯುಕ್ತರಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಬಗೆಯ ಹುಚ್ಚಾಸ್ಪತ್ರೆಗಳನ್ನೂ ನೋಡಿ ಬರುವ ಅಧಿಕಾರ ಕೊಟ್ಟಿತು. ಅವರು ಸುತ್ತಿದರು, ಎಣಿಸಿದರು, ಬರೆದರು. 1844ರಲ್ಲಿ ಹೊರಬಂದ ಅವರ ವರದಿಯ ಪ್ರಕಾರ ಸುಮಾರು 20 ಸಾವಿರ ಮನೋರೋಗಿಗಳು ಲೆಕ್ಕಕ್ಕೆ ಸಿಕ್ಕಿದ್ದರು. ಅವರಲ್ಲಿ ಬಹುಪಾಲು ಬಡವರು. ಎಷ್ಟೋ ಜಿಲ್ಲೆಗಳಲ್ಲಿ ಸರ್ಕಾರದ ಆಸ್ಪತ್ರೆಯೇ ಇರಲಿಲ್ಲ. ಆ ವರ್ಷದ ಜುಲೈಯಲ್ಲಿ ಆಷ್ಲೆ ವರದಿಯನ್ನು ಸದನದ ಮುಂದಿಟ್ಟು ಮಾತನಾಡಿದರು. ಈ ಸಲ ದನಿ ಎಲ್ಲರಿಗೂ ಕೇಳಿಸಿತು.

1845ರಲ್ಲಿ ಎರಡು ಕಾಯಿದೆಗಳು ಬಂದವು. ಪ್ರತಿಯೊಂದು ಕೌಂಟಿಯೂ ಬಡ ಮನೋರೋಗಿಗಳಿಗೆ ಆಸ್ಪತ್ರೆಯ ವ್ಯವಸ್ಥೆ ಮಾಡಲೇಬೇಕೆಂದು ಒಂದು ಹೇಳಿತು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು. ಇನ್ನೊಂದು ಇಡೀ ದೇಶಕ್ಕೆ ಶಾಶ್ವತವಾದ ಒಂದು ಆಯೋಗವನ್ನು ಕಟ್ಟಿತು. ಆ ಆಯೋಗದ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಾನೂನಿನ ಜೀವ ಇರುವುದು ಅಂಥ ವಿವರಗಳಲ್ಲಿಯೇ. ಅದರಲ್ಲಿ 11 ಮಂದಿ ಆಯುಕ್ತರು. ಆರು ಮಂದಿಗೆ ಸಂಬಳ. ಅವರಲ್ಲಿ ಮೂವರು ವೈದ್ಯರು, ಮೂವರು ವಕೀಲರು. ಇವರು ತಮ್ಮ ಸ್ವಂತ ವೃತ್ತಿಯನ್ನು ಬಿಟ್ಟು ಈ ಕೆಲಸವನ್ನೇ ಮಾಡಬೇಕು. ಉಳಿದ ಐವರಿಗೆ ಸಂಬಳವಿಲ್ಲ. ಅಧ್ಯಕ್ಷರಾದ ಆಷ್ಲೆ ಈ ಐವರಲ್ಲಿ ಒಬ್ಬರು.

ಆಸ್ಪತ್ರೆಗಳಿಗೆ ಒಬ್ಬ ವೈದ್ಯ ಮತ್ತು ಒಬ್ಬ ವಕೀಲ ಜೊತೆಯಾಗಿ ಹೋಗಬೇಕಿತ್ತು. ಒಬ್ಬರು ರೋಗವನ್ನು ನೋಡಬೇಕು, ಇನ್ನೊಬ್ಬರು ನ್ಯಾಯವನ್ನು ನೋಡಬೇಕು. ಮುನ್ಸೂಚನೆಯಿಲ್ಲದೆ ಹೋಗಬಹುದು, ರಾತ್ರಿಯೂ ಹೋಗಬಹುದು. ಮನೆಯ ಯಾವ ಕೋಣೆಯನ್ನೂ ಯಾವ ರೋಗಿಯನ್ನೂ ಅವರಿಂದ ಮರೆಮಾಡುವುದು ಅಪರಾಧ. ರೋಗಿಯನ್ನು ಕಟ್ಟಿಹಾಕಿದರೆ ಅದನ್ನು ಪುಸ್ತಕದಲ್ಲಿ ಬರೆದಿಡಬೇಕು. ಬರೆಯಬೇಕೆಂಬ ಈ ಸಣ್ಣ ನಿಯಮವೇ ಎಷ್ಟೋ ಕೈಗಳನ್ನು ತಡೆಯಿತು. ನಾಳೆ ಯಾರೋ ಬಂದು ಈ ಪುಟವನ್ನು ಓದುತ್ತಾರೆ ಎಂದು ಗೊತ್ತಿದ್ದವನು ಇಂದು ಸರಪಳಿ ಎತ್ತಿಕೊಳ್ಳುವ ಮೊದಲು ಒಂದು ಗಳಿಗೆ ಯೋಚಿಸುತ್ತಾನೆ. ಇದೇ ಹೊತ್ತಿಗೆ ವೈದ್ಯಲೋಕದಲ್ಲಿಯೂ ಬದಲಾವಣೆ ನಡೆದಿತ್ತು. ಲಂಡನ್ನಿನ ಬಳಿಯ ಹ್ಯಾನ್‌ವೆಲ್ ಆಸ್ಪತ್ರೆಯಲ್ಲಿ ಜಾನ್ ಕಾನೊಲಿ ಎಂಬ ವೈದ್ಯರು 1839ರಲ್ಲಿಯೇ ಸರಪಳಿ, ಪಟ್ಟಿ, ಕಟ್ಟುಕುರ್ಚಿಗಳನ್ನೆಲ್ಲ ತೆಗೆದುಹಾಕಿ, ಅವಿಲ್ಲದೆಯೂ ದೊಡ್ಡ ಆಸ್ಪತ್ರೆಯನ್ನು ನಡೆಸಬಹುದೆಂದು ತೋರಿಸಿದ್ದರು.

1885ರ ಅಕ್ಟೋಬರ್ 1ರಂದು ತಮ್ಮ 84ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಶಾಫ್ಟ್ಸ್‌ಬರಿ ಈ ಕೆಲಸವನ್ನು ಬಿಡಲಿಲ್ಲ. 1828ರಿಂದ ಎಣಿಸಿದರೆ 57 ವರ್ಷ. ಈ ನಡುವೆ ಕಾರ್ಖಾನೆಗಳಲ್ಲಿ ಮಕ್ಕಳ ದುಡಿಮೆಯ ಗಂಟೆಗಳನ್ನು ಇಳಿಸಲು, ಹೆಂಗಸರನ್ನೂ ಎಳೆಯ ಮಕ್ಕಳನ್ನೂ ಗಣಿಯ ಒಳಗಿನ ಕೆಲಸದಿಂದ ಬಿಡಿಸಲು, ಹೊಗೆಗೂಡು ಹತ್ತಿಸುವ ಕ್ರೂರ ಪದ್ಧತಿಯನ್ನು ನಿಲ್ಲಿಸಲು ಅವರು ಹೋರಾಡಿದರು. ಹರಕು ಬಟ್ಟೆಯ ಬಡಮಕ್ಕಳಿಗಾಗಿ ನಡೆಯುತ್ತಿದ್ದ ಉಚಿತ ಶಾಲೆಗಳ ಒಕ್ಕೂಟಕ್ಕೆ ದೀರ್ಘಕಾಲ ಅಧ್ಯಕ್ಷರಾಗಿದ್ದರು. ಕಾರ್ಖಾನೆ ಮಕ್ಕಳ ವಿಷಯಕ್ಕೆ ಜನ ಬೀದಿಗಿಳಿಯುತ್ತಿದ್ದರು, ಚಪ್ಪಾಳೆಯೂ ಸಿಗುತ್ತಿತ್ತು. ಮನೋರೋಗಿಗಳ ಆಯೋಗದ ಸಭೆಗೆ ಚಪ್ಪಾಳೆಯಿರಲಿಲ್ಲ. ಅಲ್ಲಿದ್ದದ್ದು ಕಡತ, ದೂರು, ತನಿಖೆ, ಮತ್ತೆ ಕಡತ. ಮಸೂದೆ ಪಾಸಾದ ದಿನ ಭಾವಚಿತ್ರ ತೆಗೆಸಿಕೊಂಡು ಮನೆಗೆ ಹೋಗುವ ಶಾಸಕರು ಯಾವ ದೇಶದಲ್ಲಿಯೂ ಉಂಟು. ಪಾಸಾದ ಮಾರನೆಯ ದಿನದಿಂದ ನಾಲ್ಕು ದಶಕ ಅದನ್ನು ಕಾಯುವವರು ಅಪರೂಪ.

ಗೌರವದಿಂದ ಇಷ್ಟನ್ನು ಹೇಳಿದ ಮೇಲೆ ಅವರ ಕೆಲಸದ ಕೊರತೆಗಳನ್ನೂ ಹೇಳುವುದು ಧರ್ಮ. ಒಂದನೆಯದು, ಅವರು ಕಟ್ಟಿಸಿದ ಆಸ್ಪತ್ರೆಗಳು ಬೆಳೆಯುತ್ತ ಹೋದವು. ಚಿಕಿತ್ಸೆ ಪಡೆದು ಮನೆಗೆ ಮರಳಲಿ ಎಂದು ಕಟ್ಟಿದ ಮನೆಗಳಲ್ಲಿ ಜನ ಬದುಕಿಡೀ ಉಳಿದುಬಿಟ್ಟರು. ನೂರಾರು ಮಂದಿಗೆಂದು ಕಟ್ಟಿದಲ್ಲಿ ಸಾವಿರಾರು ಮಂದಿ ತುಂಬಿದರು. ಸರಪಳಿ ಹೋಯಿತು, ಎತ್ತರದ ಗೋಡೆ ಉಳಿಯಿತು.

ಎರಡನೆಯ ಕೊರತೆ ಇನ್ನೂ ಆಳವಾದದ್ದು. 1812ರಲ್ಲಿ ಕೊಲೆಯಾದ ಪ್ರಧಾನಮಂತ್ರಿ ಸ್ಪೆನ್ಸರ್ ಪರ್ಸಿವಲ್ ಅವರ ಮಗ ಜಾನ್ ಪರ್ಸಿವಲ್, 1830ರ ದಶಕದ ಮೊದಲಲ್ಲಿ ಮೂರು ವರ್ಷ ಖಾಸಗಿ ಹುಚ್ಚಾಸ್ಪತ್ರೆಗಳಲ್ಲಿದ್ದವರು. ಗುಣಮುಖರಾಗಿ ಹೊರಬಂದ ಮೇಲೆ ತಾವು ಅನುಭವಿಸಿದ್ದನ್ನು ಪುಸ್ತಕವಾಗಿ ಬರೆದರು. ತಮ್ಮಂಥವರನ್ನು ಕೂಡಿಸಿಕೊಂಡು 1845ರಲ್ಲಿ ಒಂದು ಸಂಘವನ್ನೂ ಕಟ್ಟಿದರು. ಅವರು ಕೇಳಿದ್ದು ದಯೆಯನ್ನಲ್ಲ. ನನ್ನನ್ನು ಒಳಗೆ ಹಾಕುವ ಮೊದಲು ಒಬ್ಬ ನ್ಯಾಯಾಧಿಕಾರಿ ನನ್ನ ಮಾತು ಕೇಳಲಿ, ಚಿಕಿತ್ಸೆ ಏನೆಂದು ನನಗೂ ತಿಳಿಸಲಿ ಎಂಬುದು ಅವರ ವಾದದ ಸಾರ. ಶಾಫ್ಟ್ಸ್‌ಬರಿ ಇದಕ್ಕೆ ಒಪ್ಪಲಿಲ್ಲ. ಖಾಸಗಿ ರೋಗಿಗಳ ವಿಷಯದಲ್ಲಿ ನ್ಯಾಯಾಧಿಕಾರಿಯ ಆದೇಶ ಬೇಕೆಂದರೆ ಮನೆತನದ ಮಾನಕ್ಕೆ ಹೆದರಿ ಜನ ಚಿಕಿತ್ಸೆಯನ್ನೇ ತಡಮಾಡುತ್ತಾರೆಂದು ಅವರು ಕೊನೆಯವರೆಗೂ ವಿರೋಧಿಸಿದರು. ಅವರ ಭಯ ಸುಳ್ಳಾಗಿರಲಿಲ್ಲ, ಪರ್ಸಿವಲ್ ಅವರ ಬೇಡಿಕೆಯೂ ಸುಳ್ಳಾಗಿರಲಿಲ್ಲ. ಶಾಫ್ಟ್ಸ್‌ಬರಿ ತೀರಿಕೊಂಡ ಮೇಲೆ, 1890ರ ಕಾಯಿದೆಯಲ್ಲಿ, ನ್ಯಾಯಾಧಿಕಾರಿಯ ಆದೇಶ ಕಡ್ಡಾಯವಾಯಿತು. ಮನೋರೋಗಿಯನ್ನು ಜೀವಮಾನವಿಡೀ ಕಣ್ಣಾರೆ ಕಂಡ ಆ ಮಹನೀಯರು, ಅವನ ಮಾತಿಗೆ ಕಾನೂನಿನಲ್ಲಿ ಜಾಗ ಕೊಡಲು ಹಿಂಜರಿದರು. ನೋಡುವುದು ಒಂದು ಕೆಲಸ, ಕೇಳುವುದು ಇನ್ನೊಂದು. ಎರಡೂ ಸೇರಿದರೆ ಮಾತ್ರ ಕಾನೂನು ಪೂರ್ಣ.

ಇನ್ನು ನಮ್ಮ ನೆಲಕ್ಕೆ ಬರೋಣ. ಈ ಶಾಲೆಯ ಬಾಗಿಲು ತೆರೆದ ದಿನ ನಮ್ಮ ರಾಯದುರ್ಗ ತಾಲೂಕು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆಗ ಇಲ್ಲಿ ನಡೆಯುತ್ತಿದ್ದ ಕಾನೂನು 1912ರ ಭಾರತೀಯ ಹುಚ್ಚರ ಕಾಯಿದೆ. ಅದಕ್ಕೂ ಹಿಂದೆ 1858ರ ಕಾಯಿದೆಗಳಿದ್ದವು. ಎಲ್ಲವೂ ಇಂಗ್ಲೆಂಡಿನ ಕಾನೂನಿನ ಅಚ್ಚಿನಲ್ಲಿ ಎರಕ ಹೊಯ್ದವು. ಪ್ರಾಂತದ ದೊಡ್ಡ ಆಸ್ಪತ್ರೆ ಮದರಾಸಿನ ಕಿಲ್ಪಾಕಿನಲ್ಲಿತ್ತು, 1871ರಲ್ಲಿ ಆರಂಭವಾದದ್ದು. ನಮ್ಮ ಕಡೆಯ ಒಬ್ಬ ಬಡ ರೋಗಿಯನ್ನು ಅಷ್ಟು ದೂರ ಕರೆದೊಯ್ದರೆ, ಮರಳಿ ಬರುವ ಮಾತು ಹಾಗಿರಲಿ, ಅವನ ಸುದ್ದಿ ಬರುವುದೂ ಕಷ್ಟ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಸೇರಿತು. ಗಡಿ ಬದಲಾಯಿತು, ಹುಚ್ಚರ ಕಾಯಿದೆ ಬದಲಾಗಲಿಲ್ಲ. ಸ್ವತಂತ್ರ ಭಾರತದ ಸಂಸತ್ತು ಅದರ ಬದಲಿಗೆ ಮಾನಸಿಕ ಆರೋಗ್ಯ ಕಾಯಿದೆಯನ್ನು ಮಾಡಿದ್ದು 1987ರಲ್ಲಿ. ಅದು ಜಾರಿಗೆ ಬಂದದ್ದು 1993ರಲ್ಲಿ.

ಆ ಕಾಯಿದೆಯ ಪ್ರಕಾರ ಮನೋರೋಗಿಗಳನ್ನು ಇರಿಸಿಕೊಳ್ಳುವ ಖಾಸಗಿ ಆಸ್ಪತ್ರೆಗಳಿಗೂ ಶುಶ್ರೂಷಾ ಮಂದಿರಗಳಿಗೂ ಪರವಾನಗಿ ಬೇಕು, ತಪಾಸಣೆಯೂ ಆಗಬೇಕು. ಹಾಗಿದ್ದೂ 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ದುರಂತ ನಡೆಯಿತು. ಅಲ್ಲಿನ ದರ್ಗಾಕ್ಕೆ ಹರಕೆ ಹೊತ್ತು ಬರುವ ರೋಗಿಗಳನ್ನು ಇರಿಸಿಕೊಳ್ಳುವ ಖಾಸಗಿ ಗುಡಿಸಲುಗಳಲ್ಲಿ ಒಂದಕ್ಕೆ ಬೆಂಕಿ ಬಿತ್ತು. ಒಳಗಿದ್ದವರ ಕಾಲುಗಳಿಗೆ ಸರಪಳಿಯಿತ್ತು. ಓಡಲಾಗದೆ 28 ಮಂದಿ ಪ್ರಾಣ ಕಳೆದುಕೊಂಡರು. ಬೆತ್ನಲ್ ಗ್ರೀನಿನ ಸರಪಳಿಗೂ ಏರ್ವಾಡಿಯ ಸರಪಳಿಗೂ ನಡುವೆ ಸುಮಾರು 175 ವರ್ಷಗಳ ಅಂತರ. ಕಾಯಿದೆ ಪುಸ್ತಕದಲ್ಲಿತ್ತು, ನೋಡುವ ಕಣ್ಣು ಆ ಗುಡಿಸಲನ್ನು ತಲುಪಿರಲಿಲ್ಲ. ಆ ರೋಗಿಗಳನ್ನು ಅಲ್ಲಿ ಬಿಟ್ಟುಬಂದವರೂ ಮನೆಯವರೇ ಎಂಬುದನ್ನು ಮರೆಯಬಾರದು. ಅವರೆಲ್ಲ ಕ್ರೂರಿಗಳಾಗಿರಲಿಲ್ಲ. ಹತ್ತಿರದಲ್ಲಿ ವೈದ್ಯರಿಲ್ಲದೆ, ಕೈಯಲ್ಲಿ ಹಣವಿಲ್ಲದೆ, ದಿಕ್ಕು ತೋಚದೆ ದೇವರ ನೆರಳನ್ನು ಹುಡುಕಿಕೊಂಡು ಹೋದವರು. ಆ ದಿನದ ಸುದ್ದಿ ಕೇಳಿ ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು.

ಭಾರತವು ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು 2007ರಲ್ಲಿ ಅಂಗೀಕರಿಸಿತು. ಅದಕ್ಕೆ ತಕ್ಕಂತೆ ಹೊಸ ಕಾನೂನು ಬೇಕಾಯಿತು. 2013ರಲ್ಲಿ ರಾಜ್ಯಸಭೆಯಲ್ಲಿ ಮಸೂದೆ ಮಂಡನೆಯಾಯಿತು. ಸ್ಥಾಯಿ ಸಮಿತಿ ಪರಿಶೀಲಿಸಿತು, ಬಹಳ ತಿದ್ದುಪಡಿಗಳಾದವು. 2016ರ ಆಗಸ್ಟ್ 8ರಂದು ರಾಜ್ಯಸಭೆ, 2017ರ ಮಾರ್ಚ್ 27ರಂದು ಲೋಕಸಭೆ ಅದನ್ನು ಒಪ್ಪಿದವು. 2018ರ ಮೇ 29ರಿಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಜಾರಿಯಲ್ಲಿದೆ. ಶಾಫ್ಟ್ಸ್‌ಬರಿ ಮತ್ತು ಪರ್ಸಿವಲ್ ಇಬ್ಬರ ವಾದಗಳನ್ನೂ ಮನಸ್ಸಿನಲ್ಲಿಟ್ಟು ಈ ಕಾಯಿದೆಯನ್ನು ಓದಿದರೆ ಅದರ ಮಹತ್ವ ತಿಳಿಯುತ್ತದೆ.

ನೋಡುವ ಕಣ್ಣಿಗೆ ಸಂಬಂಧಿಸಿದ ನಿಯಮಗಳು ಇವು: ಪ್ರತಿಯೊಂದು ಮಾನಸಿಕ ಆರೋಗ್ಯ ಸಂಸ್ಥೆಯೂ ನೋಂದಣಿಯಾಗಬೇಕು. 95ನೆಯ ಕಲಮಿನ ಪ್ರಕಾರ ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಕಟ್ಟುವಂತಿಲ್ಲ. ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡುವಂತಿಲ್ಲ. ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ. ರೋಗಿಯಿಂದ ಕೆಲಸ ಮಾಡಿಸಿಕೊಂಡರೆ ಕೂಲಿ ಕೊಡಬೇಕು. ಬಡತನದ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ. ವಿಮಾ ಕಂಪನಿಗಳು ದೇಹದ ಕಾಯಿಲೆಗಳಿಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಗಳಂತೆ ಕಾಣದೆ, ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಕೊಡಬೇಕು.

ಕೇಳುವ ಕಿವಿಗೆ ಸಂಬಂಧಿಸಿದ ನಿಯಮಗಳು ಹೊಸವು. ಸ್ವಸ್ಥನಾಗಿರುವಾಗಲೇ ಒಬ್ಬನು, ಮುಂದೆ ನನಗೆ ಇಂಥ ಕಾಯಿಲೆ ಬಂದರೆ ಹೀಗೆ ಚಿಕಿತ್ಸೆ ಕೊಡಿ, ಹೀಗೆ ಬೇಡ ಎಂದು ಬರೆದಿಡಬಹುದು. ತನ್ನ ಪರವಾಗಿ ಮಾತನಾಡಲು ತಾನು ನಂಬಿದವರನ್ನು ಪ್ರತಿನಿಧಿಯಾಗಿ ನೇಮಿಸಿಕೊಳ್ಳಬಹುದು. ತನ್ನನ್ನು ಸೇರಿಸಿಕೊಂಡದ್ದು ಸರಿಯಲ್ಲವೆನಿಸಿದರೆ ಪರಾಮರ್ಶೆ ಮಂಡಳಿಗೆ ಅರ್ಜಿ ಹಾಕಬಹುದು. ಉಚಿತ ಕಾನೂನು ನೆರವು ಕೇಳಬಹುದು. ಆ ಮಂಡಳಿಯಲ್ಲಿ ನ್ಯಾಯಾಧೀಶರು, ವೈದ್ಯರು, ಅಧಿಕಾರಿಗಳ ಜೊತೆಗೆ ಇನ್ನಿಬ್ಬರು ಸದಸ್ಯರಿಗೂ ಜಾಗವಿದೆ. ಅವರು ಮನೋರೋಗವನ್ನು ಅನುಭವಿಸಿದವರೋ, ಅಂಥವರನ್ನು ಆರೈಕೆ ಮಾಡುವವರೋ, ಅವರ ಪರ ದುಡಿಯುವ ಸಂಸ್ಥೆಗಳವರೋ ಆಗಿರಬೇಕು. ಪರ್ಸಿವಲ್ ಕೇಳಿದ ಕುರ್ಚಿ ಕೊನೆಗೂ ಕಾನೂನಿನಲ್ಲಿ ಬಂದಿದೆ. ಅದು ಪ್ರತಿ ಮಂಡಳಿಯಲ್ಲಿ ಭರ್ತಿಯಾಗಿದೆಯೇ ಎಂದು ವಿಚಾರಿಸುವುದು ನಮ್ಮ ಕೆಲಸ.

ಗಡಿನಾಡಿನವರಾದ ನಾವು ಮುಖ್ಯವಾಗಿ ಗಮನಿಸಬೇಕಾದದ್ದು 22ನೆಯ ಕಲಮನ್ನು. ಕಾಯಿಲೆ ಏನು, ಚಿಕಿತ್ಸೆ ಏನು, ಔಷಧದ ಅಡ್ಡಪರಿಣಾಮಗಳೇನು, ಯಾವ ನಿಯಮದ ಕೆಳಗೆ ಸೇರಿಸಿಕೊಂಡಿದ್ದಾರೆ ಎಂಬುದನ್ನೆಲ್ಲ ತಿಳಿದುಕೊಳ್ಳುವ ಹಕ್ಕು ರೋಗಿಗೂ ಅವನ ಪ್ರತಿನಿಧಿಗೂ ಇದೆ. ಅದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ತಿಳಿಸಬೇಕೆಂದು ಆ ಕಲಮು ಹೇಳುತ್ತದೆ. ರಾಜ್ಯದ ಭಾಷೆಯಲ್ಲಿ ಎಂದಾಗಲಿ, ವೈದ್ಯರ ಭಾಷೆಯಲ್ಲಿ ಎಂದಾಗಲಿ ಅದು ಹೇಳುವುದಿಲ್ಲ. ಕೇಳುವವನಿಗೆ ಅರ್ಥವಾಗುವ ಭಾಷೆ ಎನ್ನುತ್ತದೆ.

ಇದು ಭಾಷಾಭಿಮಾನದ ಮಾತಲ್ಲ, ಚಿಕಿತ್ಸೆಯ ಮಾತು. ಮೂಳೆ ಮುರಿದರೆ ಎಕ್ಸ್-ರೇ ಇದೆ, ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ. ಖಿನ್ನತೆಯನ್ನೂ ಸ್ಕಿಜೋಫ್ರೇನಿಯಾವನ್ನೂ ಗುರುತಿಸಲು ವೈದ್ಯರಿಗೆ ಇರುವ ಮುಖ್ಯ ಸಾಧನ ರೋಗಿಯ ಮಾತು. ನಮ್ಮಲ್ಲಿ ಬಹುತೇಕರಿಗೆ ತೆಲುಗು ಬರುತ್ತದೆ. ಸಂತೆಯಲ್ಲಿ, ಕಚೇರಿಯಲ್ಲಿ, ಬಸ್ ನಿಲ್ದಾಣದಲ್ಲಿ ಅದನ್ನೇ ಪ್ರೀತಿಯಿಂದ ಆಡುತ್ತೇವೆ. ಆದರೆ ಜೀವಕ್ಕೆ ಸಮಾಧಾನವಿಲ್ಲ, ಎದೆ ಧಸಕ್ಕೆನ್ನುತ್ತದೆ, ಹೊಟ್ಟೆಯೊಳಗೆ ಏನೋ ಸಂಕಟ, ಯಾರೋ ಕಿವಿಯಲ್ಲಿ ಮಾತಾಡಿದ ಹಾಗಾಗುತ್ತದೆ ಎಂದು ನಡುರಾತ್ರಿಯಲ್ಲಿ ಹೇಳಿಕೊಳ್ಳುವಾಗ ಬಾಯಿಗೆ ಬರುವುದು ಅವ್ವನ ಮಾತೇ. ಹೊರಗೆ ಹೆಚ್ಚು ಓಡಾಡದ ಅಜ್ಜಿಯರಿಗೆ, ಕರ್ನಾಟಕದಿಂದ ಸೊಸೆಯಾಗಿ ಬಂದ ಹೆಣ್ಣುಮಕ್ಕಳಿಗೆ ಅದೊಂದೇ ದಾರಿ. ಆ ಮಾತು ವೈದ್ಯರಿಗೆ ಅರ್ಥವಾಗದೆ, ಜೊತೆಗೆ ಬಂದ ಗಂಡನೋ ಮಗನೋ ತನಗೆ ತೋಚಿದಷ್ಟನ್ನು ಅನುವಾದಿಸಿದರೆ, ಹೇಳಬೇಕಾದದ್ದರಲ್ಲಿ ಅರ್ಧ ಅಲ್ಲಿಯೇ ಉಳಿಯುತ್ತದೆ. ಕೆಲವೊಮ್ಮೆ ಸಂಕಟದ ಕಾರಣವೇ ಅನುವಾದಿಸುತ್ತಿರುವ ಆ ಮನುಷ್ಯನಾಗಿರಬಹುದು.

ಗಡಿ ನಮಗೆ ಕಷ್ಟವನ್ನಷ್ಟೇ ಕೊಟ್ಟಿಲ್ಲ, ಒಂದು ದೊಡ್ಡ ಪ್ರಯೋಗದ ನೆರೆಯಲ್ಲಿಯೂ ನಮ್ಮನ್ನು ಇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1974ರಲ್ಲಿ ರೂಪುಗೊಂಡಿತು. ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯುವ ಬದಲು ಆರೈಕೆಯೇ ಹಳ್ಳಿಗೆ ಹೋಗಲಿ ಎಂದು ಅಲ್ಲಿನ ತಜ್ಞರು ಯೋಚಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. 1980ರ ದಶಕದ ಉತ್ತರಾರ್ಧದಲ್ಲಿ ಇದನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ಮಾಡಿ ನೋಡಲು ಅವರು ಆರಿಸಿಕೊಂಡದ್ದು ನಮ್ಮ ಹಳೆಯ ಜಿಲ್ಲೆಯಾದ ಬಳ್ಳಾರಿಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಅಗತ್ಯ ಔಷಧಿಗಳನ್ನು ಹತ್ತಿರದಲ್ಲಿಯೇ ಸಿಗುವಂತೆ ಮಾಡಿದರು. ಮೇಲೆ ಒಬ್ಬ ಮನೋವೈದ್ಯರ ಮಾರ್ಗದರ್ಶನವಿರಿಸಿದರು. ಬಳ್ಳಾರಿ ಮಾದರಿ ಎಂದೇ ಅದು ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯ. ಇಂಗ್ಲೆಂಡಿನ ಎತ್ತರದ ಗೋಡೆಗಳಿಗೆ ಉತ್ತರ ನಮ್ಮ ಪಕ್ಕದ ಊರುಗಳ ಆರೋಗ್ಯ ಕೇಂದ್ರಗಳಲ್ಲಿ ಸಿಕ್ಕಿತು: ರೋಗಿ ಮನೆಯಲ್ಲಿಯೇ ಇರಲಿ, ಮಾತ್ರೆ ಹತ್ತಿರದಲ್ಲಿ ಸಿಗಲಿ, ಹೊಲದ ಕೆಲಸಕ್ಕೆ ಮರಳಲಿ.

ಹಾಗಾದರೆ ನಾವು ಏನು ಮಾಡಬೇಕು? ಕೆಲವು ಸಲಹೆಗಳನ್ನು ವಿನಯದಿಂದ ಮುಂದಿಡುತ್ತೇನೆ.

ಪೋಷಕರಲ್ಲಿ ಪ್ರಾರ್ಥನೆ ಇಷ್ಟು. ದೇವರಿಗೆ ಹರಕೆ ಹೊರಬೇಡಿ ಎಂದು ಯಾರಿಗೂ ಹೇಳಲಾರೆ. ಹರಕೆಯ ಜೊತೆಗೆ ವೈದ್ಯರನ್ನೂ ಕಾಣಿರಿ, ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ. ಯಾವ ಕಾರಣಕ್ಕೂ ಮನೆಯ ಮಗನನ್ನು ಹಗ್ಗಕ್ಕೂ ಸರಪಳಿಗೂ ಒಪ್ಪಿಸಬೇಡಿ. ದಿಕ್ಕು ತೋಚದಿದ್ದರೆ 14416 ಎಂಬ ಸಂಖ್ಯೆಗೆ ಕರೆ ಮಾಡಿ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ ಹಗಲಿರುಳೂ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವಿದೆ.

ಗುರುಗಳಲ್ಲಿ ಪ್ರಾರ್ಥನೆ ಇದು. ಚೆನ್ನಾಗಿ ಓದುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಮೂಲೆ ಹಿಡಿದು ಕುಳಿತರೆ, ನಗುತ್ತಿದ್ದ ಹುಡುಗಿ ಮಾತು ಬಿಟ್ಟರೆ, ಅದನ್ನು ಮೊದಲು ಕಾಣುವವರು ನೀವು. ಗದರಿಸುವ ಮೊದಲು ಅವರ ಭಾಷೆಯಲ್ಲಿಯೇ ಒಮ್ಮೆ ಕೇಳಿ. ‘ಹುಚ್ಚ’ ಎಂಬ ಮಾತು ತರಗತಿಯಲ್ಲಿ ಬೈಗುಳವಾಗಿ ಬಂದಾಗ ತಿದ್ದಿ. ಈ ಶಾಲೆ ನೂರು ವರ್ಷ ಮಕ್ಕಳಿಗೆ ಅವರದೇ ಮಾತಿನಲ್ಲಿ ಅಕ್ಷರ ಕಲಿಸಿದೆ. ಅದೇ ಮಾತಿನಲ್ಲಿ ನೋವನ್ನು ಹೇಳಿಕೊಳ್ಳುವ ಧೈರ್ಯವನ್ನೂ ಕಲಿಸಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದೀರಿ, ದಾದಿಯರಿದ್ದೀರಿ, ವೈದ್ಯರಿದ್ದೀರಿ, ಎರಡೂ ಭಾಷೆ ಬಲ್ಲವರಂತೂ ಎಲ್ಲರೂ ಇದ್ದೀರಿ. ತಿಂಗಳಿಗೊಂದು ದಿನ ಆಸ್ಪತ್ರೆಗೆ ಹೋಗಿ ಕನ್ನಡ ರೋಗಿಗಳ ಮಾತನ್ನು ವೈದ್ಯರಿಗೆ ನಿಷ್ಪಕ್ಷವಾಗಿ ತಲುಪಿಸುವ ನಾಲ್ಕು ಮಂದಿ ನಮ್ಮ ಸಂಘದಿಂದ ಹೊರಟರೂ ಅದು ಶತಮಾನೋತ್ಸವದ ದೊಡ್ಡ ಕೊಡುಗೆಯಾದೀತು. ರೋಗಿಯ ಗುಟ್ಟನ್ನು ಕಾಪಾಡುವುದು ಆ ಕೆಲಸದ ಮೊದಲ ನಿಯಮ.

ಕೊನೆಯದಾಗಿ, ನಾವು ಆರಿಸಿ ಕಳಿಸುವ ಶಾಸಕರಿಗೂ ಸಂಸದರಿಗೂ ಕೇಳಬೇಕಾದ ಪ್ರಶ್ನೆಗಳಿವೆ. ರಸ್ತೆಯ ಬಗ್ಗೆ, ನೀರಿನ ಬಗ್ಗೆ ಕೇಳುವಂತೆಯೇ ಇವನ್ನೂ ಕೇಳಬೇಕು. ನಮ್ಮ ಜಿಲ್ಲೆಗೆ ಪರಾಮರ್ಶೆ ಮಂಡಳಿ ಇದೆಯೇ? ಅದರಲ್ಲಿ ರೋಗವನ್ನು ಬಲ್ಲವರಿಗೆ ಇಟ್ಟ ಕುರ್ಚಿ ಖಾಲಿಯಿದೆಯೇ? ತಾಲೂಕಿನ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಯ ಮಾತ್ರೆಗಳು ತಿಂಗಳ ಕೊನೆಯವರೆಗೂ ಸಿಗುತ್ತಿವೆಯೇ? ಕನ್ನಡದಲ್ಲಿ ವಿವರಿಸುವವರು ಅಲ್ಲಿದ್ದಾರೆಯೇ? ಒಂದು ಸಲವಾದರೂ ನೀವು ಸ್ವತಃ ಹೋಗಿ ನೋಡಿದ್ದೀರಾ? ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. 1827ರಲ್ಲಿ ಇಪ್ಪತ್ತಾರರ ಆ ತರುಣ ಸದಸ್ಯರು ಸ್ವತಃ ಹೋಗಿ ನೋಡದಿದ್ದರೆ, ಆ ವರದಿಯೂ ಹಳೆಯ ಕಡತಗಳ ನಡುವೆ ಧೂಳು ತಿನ್ನುತ್ತಿತ್ತು.

ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡು ದಿನ ದೂಡುತ್ತಿರುವ ತಾಯಂದಿರಿಗೆ ಒಂದೇ ಮಾತು: ನೀವು ನಾಚಿಕೊಳ್ಳಬೇಕಾದದ್ದು ಏನೂ ಇಲ್ಲ. ಕಾನೂನು ನಿಮ್ಮ ಪರವಾಗಿದೆ. ಊರೂ ನಿಮ್ಮ ಪರವಾಗಿರುವಂತೆ ಮಾಡುವ ಹೊಣೆ ನಮ್ಮೆಲ್ಲರದು.